ನೀರೆರೆದ ತಪ್ಪು

ಹೊಸದುರ್ಗ ಸೀಮೆಯ ಹಾಲುರಾಮೇಶ್ವರದ ನಮ್ಮ ಮನೆಯಂಗಳದಲ್ಲಿ, ಆಳವಿಲ್ಲದ ಅಗಲ ಕುಂಡವೊಂದರಲ್ಲಿ ಅಡೇನಿಯಂ ಗಿಡವಿದೆ. ಬೀಜದಿಂದ ಬೆಳೆಸಿ, ವರುಷಗಳ ಕಾಲ ಸವರಿ, ಬೋನ್ಸಾಯ್ ರೂಪಕ್ಕೆ ತಂದವಳು ನನ್ನ ಧರ್ಮಪತ್ನಿ. ಆಕೆ ಲಿಂಗೈಕ್ಯಳಾದ ಮೇಲೆ, ಆ ನೆನಪು ಬಾಡಬಾರದೆಂದು ಪ್ರತಿನಿತ್ಯವೂ ನೀರೆರೆದೆ, ಮಳೆಗಾಲದಲ್ಲಿಯೂ ಬಿಡಲಿಲ್ಲ. ಒಂದು ದಿನ ಎಲೆಗಳು ಹಳದಿಯಾಗಿ ಉದುರಿದವು. ಉಬ್ಬಿದ ಬುಡವನ್ನು ಮುಟ್ಟಿದರೆ ಬೆರಳು ಒಳಗಿಳಿಯಿತು.

ಆಫ್ರಿಕ, ಅರೇಬಿಯಗಳ ಒಣನೆಲದ ಈ ಸಸ್ಯವು ನಮ್ಮ ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ಬುಡದಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುವ ಅದಕ್ಕೆ, ಮಣ್ಣು ಒಣಗುವ ಮುನ್ನ ಮತ್ತೆ ಮತ್ತೆ ಎರೆದ ನೀರು ಬೇರನ್ನು ಕೊಳೆಯಿಸುತ್ತದೆ.

ಗಿಡವನ್ನು ಕಿತ್ತು, ಗಟ್ಟಿಯಾದ ಬಿಳಿಯ ತಿರುಳು ಕಾಣುವವರೆಗೂ ಕೊಳೆತುದನ್ನು ಕೊಯ್ದೆ. ಅದರ ಹಾಲು ವಿಷವಾದುದರಿಂದ ಮೊಮ್ಮಕ್ಕಳನ್ನು ದೂರವಿರಿಸಿದೆ. ವಾರಕಾಲ ನೆರಳಿನಲ್ಲಿ ಗಾಯವನ್ನು ಒಣಗಿಸಿ, ದಪ್ಪ ಮರಳು, ಇಟ್ಟಿಗೆಚೂರು, ಹಳೆಯ ಗೊಬ್ಬರ ಬೆರೆಸಿ ನೆಟ್ಟೆ. ಬುಡ ತುಸು ಮೇಲೆ ಕಾಣುವಂತೆ, ಆಕೆ ನೆಡುತ್ತಿದ್ದಂತೆಯೇ.

ಮುಂದಿನ ಬೇಸಗೆಯಲ್ಲಿ ಕೆಂಪು ಹೂವೊಂದು ಅರಳಿತು. ಮಠದಲ್ಲಿ ಶಾಸ್ತ್ರ ಓದಿದ ನನಗೆ ಮಿತವೆಂಬ ಪದದ ಅರ್ಥ ತಿಳಿದಿತ್ತು, ಅಳತೆ ತಿಳಿದಿರಲಿಲ್ಲ. ಈಗ ಮಣ್ಣಿನಲ್ಲಿ ಬೆರಳಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಎರೆಯುತ್ತೇನೆ.