ಇಂಡಿ ರೋಡಿನ ಪುಟ್ಟ ಗೂಡ್ಸ್ ಗಾಡಿ

ಭೀಮಾ ತೀರದ ಅಗರಖೇಡದಿಂದ ಇಂಡಿ ದಾಟಿ ಇಂಡಿ ರೋಡ್ ನಿಲ್ದಾಣಕ್ಕೆ ಬಂದರೆ ಕಣ್ಣೆದುರು ಹೊಳೆಯುವುದು ಬ್ರಾಡ್ ಗೇಜ್ ಹಳಿ. ಅಂತರ 1,676 ಮಿಲಿಮೀಟರ್. ಈ ಸೀಮೆಯ ಹಿರಿಯರು ಕಂಡ ಹಳಿ ಇದಲ್ಲ. 1880ರ ದಶಕದಲ್ಲಿ ಹಾಕಿದ ಹೊಟಗಿ–ಗದಗ ಮಾರ್ಗ ನೂರು ವರ್ಷಕ್ಕೂ ಮಿಕ್ಕಿ ಮೀಟರ್ ಗೇಜ್ ಆಗಿತ್ತು. ಅಂತರ ಬರೀ 1,000 ಮಿಲಿಮೀಟರ್. 2008ರ ಕೊನೆಯ ಹೊತ್ತಿಗೆ ಅದು ಪೂರ್ತಿ ಮರೆಯಾಯಿತು.

ಶಾಲೆಯ ವಸ್ತುಪ್ರದರ್ಶನಕ್ಕೆ ಈ ನಿಲ್ದಾಣದ ಮಾದರಿ ಮಾಡಹೊರಟ ಮಕ್ಕಳು ಮೊದಲು ಇಸವಿಯನ್ನು ಗೊತ್ತುಮಾಡಿಕೊಳ್ಳಬೇಕು; ವ್ಯಾಗನ್ ಆಮೇಲೆ. 1965 ಎಂದಾದರೆ ನಾಲ್ಕು ಗಾಲಿಯ, ಮುಚ್ಚಿದ ಪುಟ್ಟ ಡಬ್ಬಿಗಳು ಒಪ್ಪುತ್ತವೆ. 1:87ರ ಅಳತೆಯಲ್ಲಿ ಹಳಿಗಳ ಅಂತರ ಸುಮಾರು 11.5 ಮಿ.ಮೀ. ಇಂದಿನ ಮಾದರಿಗೆ 19 ಮಿ.ಮೀ.ಗಿಂತ ತುಸು ಹೆಚ್ಚು; ಜೊತೆಗೆ ಎಂಟು ಗಾಲಿಯ, ಮೇಲ್ಭಾಗ ತೆರೆದ ಬಾಕ್ಸ್-ಎನ್ ವ್ಯಾಗನ್ನುಗಳು.

ಬ್ರಾಡ್ ಗೇಜಿನ ಈ ವ್ಯಾಗನ್ ಬಂದದ್ದೇ 1980ರ ದಶಕದಲ್ಲಿ. ಇದೇ ಮಾರ್ಗದ ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 2016ರಲ್ಲಿ. ಅಲ್ಲಿಗೆ ಕಲ್ಲಿದ್ದಲು ಒಯ್ಯುವ ಗಾಡಿಯನ್ನು 1965ರ ಹಳಿಯ ಮೇಲೆ ನಿಲ್ಲಿಸಿದರೆ ಅಜ್ಜ ನಕ್ಕಾರು!

ತಂದೆತಾಯಂದಿರು ದುಬಾರಿ ಆಟಿಕೆ ಕೊಳ್ಳುವ ಅವಸರ ಮಾಡಬೇಕಿಲ್ಲ. ರಟ್ಟು, ಅಂಟು, ಅಳತೆಪಟ್ಟಿ ಸಾಕು. ಮೊದಲು ಮಗುವನ್ನು ಹಿರಿಯರ ಬಳಿ ಕೂಡಿಸಿ. ಯಾವ ಡಬ್ಬಿಯಲ್ಲಿ ಏನು ಬರುತ್ತಿತ್ತು, ಎಲ್ಲಿ ಇಳಿಸುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಲಿ. ಕಿತ್ತುಹೋದ ಹಳಿ ಹೆಚ್ಚಾಗಿ ಉಳಿದಿರುವುದು ಅವರ ನೆನಪಿನಲ್ಲೇ. ಅವರಿರುವಾಗಲೇ ಕೇಳಬೇಕು.