ಪೊಮೋನಾದ ಕಾಲು ಮೈಲಿ

ಅಮೆರಿಕದ ಲಾಸ್ ಏಂಜಲೀಸ್ ನಗರದಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿದೆ ಪೊಮೋನಾ. ರೋಮನ್ನರ ಹಣ್ಣಿನ ದೇವತೆಯ ಹೆಸರು ಈ ಊರಿಗೆ. ಒಂದು ಕಾಲಕ್ಕೆ ಸುತ್ತಲೂ ಕಿತ್ತಳೆ ತೋಟಗಳಿದ್ದವು. ಈಗ ಊರು ಹೆಸರಾಗಿರುವುದು ಜಾತ್ರೆ ಮೈದಾನದ ಮಗ್ಗುಲಲ್ಲಿರುವ ನೇರ ಹಾದಿಯಿಂದ. ಉತ್ತರಕ್ಕೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು. ಎರಡು ಕಾರುಗಳು ಅಕ್ಕಪಕ್ಕ ನಿಂತು 402 ಮೀಟರ್, ಅಂದರೆ ಕಾಲು ಮೈಲಿ ಓಡುವ ಡ್ರ್ಯಾಗ್ ರೇಸ್‌ನ ಅಂಗಳವಿದು.

ಎರಡನೇ ಮಹಾಯುದ್ಧದ ನಂತರ ಇಲ್ಲಿನ ಹುಡುಗರು ಹಳೆಯ ಕಾರುಗಳ ಎಂಜಿನ್ ಬಲಪಡಿಸಿ ಬೀದಿಗಳಲ್ಲೇ ಪಂದ್ಯ ಕಟ್ಟುತ್ತಿದ್ದರು. ಅಪಾಯ ಅವರಿಗೂ ಇತ್ತು, ದಾರಿಹೋಕರಿಗೂ ಇತ್ತು. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಅದರ ಮೊದಲ ಅಧಿಕೃತ ಸ್ಪರ್ಧೆ 1953ರಲ್ಲಿ ಇದೇ ಜಾತ್ರೆ ಮೈದಾನದ ವಾಹನ ನಿಲ್ದಾಣದಲ್ಲಿ, ಸ್ಥಳೀಯ ಪೊಲೀಸರ ಸಹಕಾರದಿಂದ ನಡೆಯಿತು. ಹುಡುಗರ ಆಸೆಯನ್ನು ಹೊಸಕಿಹಾಕದೆ ಬೀದಿಯಿಂದ ಮೈದಾನಕ್ಕೆ ತಂದದ್ದು ಇಲ್ಲಿನ ದೊಡ್ಡ ಸಾಧನೆ. ಮೈದಾನದಲ್ಲೂ ಅಪಾಯ ತಪ್ಪಿದ್ದಲ್ಲ. 2008ರಲ್ಲಿ ಬೇರೊಂದು ಊರಿನಲ್ಲಿ ಸ್ಪರ್ಧಿಯೊಬ್ಬರು ಮೃತಪಟ್ಟ ಬಳಿಕ ಅತಿ ವೇಗದ ಕಾರುಗಳ ಓಟವನ್ನು 1000 ಅಡಿಗೆ ಇಳಿಸಲಾಯಿತು.

ಹೊರಡುವ ಗೆರೆಯ ಬಳಿ ದೀಪಗಳ ಕಂಬವಿದೆ. 1963ರಿಂದ ಬಳಕೆಯಲ್ಲಿರುವ ಇದಕ್ಕೆ 'ಕ್ರಿಸ್ಮಸ್ ಟ್ರೀ' ಎಂದು ಹೆಸರು. ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೆ ಒಂದರಂತೆ ಬೆಳಗಿ ಹಸಿರು ಬರುತ್ತದೆ. ಚಾಲಕ ಆಕ್ಸಿಲರೇಟರ್ ತುಳಿಯುತ್ತಾನೆ. ಆದರೆ ಕೆಲವೊಮ್ಮೆ ಕಾರು ಚಿಮ್ಮುವ ಬದಲು ಕ್ಷಣಕಾಲ ಮುಗ್ಗರಿಸುತ್ತದೆ. ಅಷ್ಟರಲ್ಲಿ ಎದುರಾಳಿ ಮುಂದೆ! ಒಮ್ಮೆ ಸೋತರೆ ಆ ದಿನದ ಸ್ಪರ್ಧೆ ಮುಗಿದಂತೆಯೇ. ತಿಂಗಳುಗಳ ದುಡಿಮೆ ಅರೆಕ್ಷಣದಲ್ಲಿ ನೀರುಪಾಲು.

ಕಾರಣ ಸರಳ ವಿಜ್ಞಾನ. ಹಳೆಯ ಸ್ಕೂಟರ್, ಅಂಬಾಸಿಡರ್‌ಗಳಲ್ಲಿದ್ದಂತೆ ಇಲ್ಲಿನ ಹಲವು ಹವ್ಯಾಸಿಗಳ ಕಾರುಗಳಲ್ಲಿ ಇಂದಿಗೂ ಕಾರ್ಬ್ಯುರೇಟರ್ ಇದೆ. ಥ್ರಾಟಲ್ ಹಠಾತ್ತನೆ ತೆರೆದಾಗ ಹಗುರವಾದ ಗಾಳಿ ಒಡನೆ ನುಗ್ಗುತ್ತದೆ. ಅದಕ್ಕಿಂತ ನೂರಾರು ಪಟ್ಟು ಸಾಂದ್ರವಾದ ಪೆಟ್ರೋಲ್ ಹಿಂದೆ ಬೀಳುತ್ತದೆ. ಈ ಕೊರತೆ ತುಂಬಲೆಂದೇ ಆಕ್ಸಿಲರೇಟರ್ ಪಂಪ್ ಎಂಬ ಪುಟ್ಟ ಪಿಚಕಾರಿ ಇರುವುದು.

ಬಲ್ಲವರು ಮೊದಲು ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಏರ್ ಕ್ಲೀನರ್ ತೆಗೆದು, ಕೈಯಿಂದ ಥ್ರಾಟಲ್ ತಿರುಗಿಸಿ ನೋಡುತ್ತಾರೆ. ಸನ್ನೆ ಅಲುಗಿದೊಡನೆ ಪೆಟ್ರೋಲ್ ಚಿಮ್ಮಬೇಕು. ತಡವಾದರೆ ಪಂಪಿನ ಸನ್ನೆ ಸಡಿಲವಾಗಿದೆ ಎಂದರ್ಥ. ಹಾಲಿ ಕಂಪನಿಯ ಕಾರ್ಬ್ಯುರೇಟರ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಅಲ್ಲಿ 0.015 ಇಂಚು ಅಂತರ ಉಳಿದಿರಬೇಕು. ಸಡಿಲವಿಲ್ಲದಿದ್ದರೂ ಮುಗ್ಗರಿಸಿದರೆ ಪಿಚಕಾರಿಯ ತೂತಿನ ಸರದಿ. 31 ನಂಬರಿನ ತೂತೆಂದರೆ 0.031 ಇಂಚು. ಕಾರ್ಬ್ಯುರೇಟರ್ ಬಾಯಲ್ಲಿ 'ಫಟ್' ಎಂದು ಸೀನಿದರೆ ಸಾಮಾನ್ಯವಾಗಿ ಪೆಟ್ರೋಲ್ ಸಾಲದು, ತೂತು ದೊಡ್ಡದಾಗಬೇಕು. ಹೊಗೆಗೊಳವೆಯಲ್ಲಿ ಕರಿಹೊಗೆ ಬಂದರೆ ಹೆಚ್ಚಾಗಿದೆ, ಚಿಕ್ಕದಾಗಬೇಕು.

ನಿಂತಲ್ಲಿ ಸರಿಯಾಗಿದ್ದು, ಕಾರು ಚಿಮ್ಮಿದ ಮೇಲೆ ಮಾತ್ರ ಮುಗ್ಗರಿಸಿದರೆ? ಬಸ್ಸು ತಟ್ಟನೆ ಹೊರಟಾಗ ನಿಂತ ಪ್ರಯಾಣಿಕರು ಹಿಂದಕ್ಕೆ ವಾಲುತ್ತಾರಲ್ಲವೇ? ಅದೇ ಜಡತ್ವದಿಂದ ಬಟ್ಟಲಿನ ಪೆಟ್ರೋಲ್ ಹಿಂದೆ ಸರಿಯುತ್ತದೆ. ಹಿಂಬದಿಯ ಬಟ್ಟಲಿನಲ್ಲಿ ಜೆಟ್‌ಗಳಿರುವುದು ಮುಂದಿನ ಗೋಡೆಯಲ್ಲಿ. ಅವುಗಳಿಗೆ ಪೆಟ್ರೋಲ್ ಸಿಗದು. ಆಗ ಜೆಟ್‌ಗಳಿಗೆ ಹಿಂದಕ್ಕೆ ಚಾಚುವ ಪುಟ್ಟ ಕೊಳವೆಗಳನ್ನು ಜೋಡಿಸುತ್ತಾರೆ.

ಈ ಮಂದಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಒಮ್ಮೆಗೆ ಒಂದೇ ಬದಲಾವಣೆ. ಪ್ರತಿ ಓಟದ ನಂತರ ಸಿಗುವ ಚೀಟಿಯಲ್ಲಿ ಮೊದಲ 60 ಅಡಿಯ ಸಮಯ ಅಚ್ಚಾಗಿರುತ್ತದೆ. ಮಾಡಿದ ಬದಲಾವಣೆ ಫಲಿಸಿತೇ ಇಲ್ಲವೇ ಎಂಬುದನ್ನು ಆ ಅಂಕಿ ಹೇಳುತ್ತದೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಚೀಟಿಯೂ ಹೇಳಲಾರದು. ಶಾಲೆಯ ಪ್ರಯೋಗಾಲಯದ ಪಾಠವೂ ಇದೇ. ಪೊಮೋನಾದಲ್ಲಿ ಅದಕ್ಕೆ ಟೈರಿನ ಹೊಗೆ, ಪೆಟ್ರೋಲಿನ ವಾಸನೆ ಜೊತೆಗೂಡಿದೆ, ಅಷ್ಟೆ.