ತಗದ ಹಾಕ್ರಿ ಅಂವನ್ನ!

ಐಪಿಎಲ್ ಶುರುವಾಯಿತೆಂದರೆ ಮಂಗಸೂಳಿಯಲ್ಲಿ ಎರಡು ಪಂಗಡ. ಮಹಾರಾಷ್ಟ್ರದ ಗಡಿ ಮಗ್ಗುಲಲ್ಲೇ ಇರುವುದರಿಂದ ಮುಂಬೈ ಇಂಡಿಯನ್ಸ್ ಅಭಿಮಾನಿಗಳೂ ಇಲ್ಲಿ ಬೇಕಾದಷ್ಟಿದ್ದಾರೆ. ಹಾಗಾಗಿ ಸೋತ ಮರುದಿನ ಆರ್‌ಸಿಬಿಯವರು ಚಹಾದ ಅಂಗಡಿಗೆ ಬರುವುದಕ್ಕೇ ಎದೆಗಾರಿಕೆ ಬೇಕು. ಬಂದವರು ಆಟಗಾರರನ್ನು ಬಯ್ಯುವುದು ಕಡಿಮೆ, ತಂಡ ಕಟ್ಟಿದವನನ್ನು ಬಯ್ಯುವುದೇ ಹೆಚ್ಚು. 'ಮೊದಲ ಆ ಡೈರೆಕ್ಟರ್‌ನ ತಗದ ಹಾಕ್ರಿ!'

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ದೊಡ್ಡ ಹರಾಜು ನಡೆಯಿತಲ್ಲ, ಆಗ ಈ ಕೂಗು ಮುಗಿಲಿಗೆ ಮುಟ್ಟಿತ್ತು. ನಮ್ಮಲ್ಲಿ ಕಬ್ಬಿನ ಹಂಗಾಮು. ಹೊಲದಲ್ಲಿ ಕಟಾವು, ರಸ್ತೆಯಲ್ಲಿ ಟ್ರ್ಯಾಕ್ಟರ್ ಸಾಲು, ಚಾಲಕರ ಕೈಯಲ್ಲಿ ಮೊಬೈಲು. ನಮ್ಮ ಕರ್ನಾಟಕದ ಹುಡುಗ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದ. ಏಳು ವರ್ಷ ಕೆಂಪು ಅಂಗಿ ತೊಟ್ಟು ಬೌಲ್ ಮಾಡಿದ ಸಿರಾಜ್ 12.25 ಕೋಟಿಗೆ ಗುಜರಾತಿಗೆ ಹೋದ.

'ರೊಕ್ಕ ಇರಲಿಲ್ಲೇನೋ?' ಎಂದು ಹಿರಿಯರೊಬ್ಬರು ಕೇಳಿದರೆ, ಪಕ್ಕದ ಹುಡುಗ, 'ರೊಕ್ಕ ಇತ್ರಿ ಕಾಕಾ, ಮನಸ ಇರಲಿಲ್ಲ' ಎಂದ. ಆ ಮಾತಿನಲ್ಲಿದ್ದ ನೋವು ನನಗೆ ಇಂದಿಗೂ ಸುಳ್ಳೆನಿಸುವುದಿಲ್ಲ.

'ಡೈರೆಕ್ಟರ್' ಎಂದರೆ ನಮ್ಮ ಭಾಗದವರಿಗೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಇರಲಿ, ನಿಪ್ಪಾಣಿಯ ಹಾಲಸಿದ್ಧನಾಥ ಇರಲಿ, ಸಹಕಾರಿ ಕಾರ್ಖಾನೆಯಲ್ಲಿ ಶೇರು ಇದ್ದ ರೈತನಿಗೆ ಒಂದು ಓಟು ಉಂಟು. ಬಿಲ್ಲು ತಡವಾದರೆ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಚುನಾವಣೆ ಬಂದಾಗ ಇಡೀ ಮಂಡಳಿಯನ್ನೇ ಮನೆಗೆ ಕಳಿಸಬಹುದು. ಆರ್‌ಸಿಬಿಗೆ ಇಷ್ಟು ವರ್ಷ ಗಂಟಲು ಹರಿದುಕೊಂಡವನಿಗೆ ಅಂಥ ಓಟಿಲ್ಲ. ಅವನ ಕೈಯಲ್ಲಿರುವುದು ಕೂಗು ಒಂದೇ. ಆದ್ದರಿಂದ 'ತಗದ ಹಾಕ್ರಿ' ಎಂಬುದನ್ನು ಹುಚ್ಚಾಟವೆಂದು ತಳ್ಳಿಹಾಕುವವರ ಜತೆ ನಾನಿಲ್ಲ.

ಆದರೆ ತೆಗೆಯುವುದಕ್ಕೂ ಒಂದು ಹೊತ್ತು ಗೊತ್ತು ಬೇಕು. 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಚಿನ್ನಸ್ವಾಮಿಯಲ್ಲಿ ಮೆಕಲಂ ಒಬ್ಬನೇ 158 ಹೊಡೆದ. ನಮ್ಮವರು ಎಲ್ಲ ಸೇರಿ 82. ದ್ರಾವಿಡ್, ಕಾಲಿಸ್, ಜಾಫರ್, ಚಂದ್ರಪಾಲ್ ಇದ್ದ ಆ ಪಡೆಯನ್ನು ಟೆಸ್ಟ್ ಟೀಮು ಎಂದು ಜನ ಆಡಿಕೊಂಡರು. ಸೀಸನ್ ಅರ್ಧಕ್ಕಿರುವಾಗಲೇ ಸಿಇಒ ಚಾರು ಶರ್ಮಾ ಹೋದರು, ಬ್ರಿಜೇಶ್ ಪಟೇಲ್ ಬಂದರು. ಬಂದದ್ದರಿಂದ ಏನಾಯಿತು? ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಮರುವರ್ಷವೋ, ಅದೇ ದ್ರಾವಿಡ್, ಅದೇ ಕಾಲಿಸ್ ಇದ್ದ ತಂಡ ಕುಂಬ್ಳೆ ನಾಯಕತ್ವದಲ್ಲಿ ಫೈನಲ್ ಮುಟ್ಟಿ ಜೊಹಾನ್ಸ್‌ಬರ್ಗ್‌ನಲ್ಲಿ ಬರೀ 6 ರನ್ನಿನಿಂದ ಸೋತಿತು. ನಡುವೆಯೇ ತಲೆ ಉರುಳಿಸಿದ್ದರಿಂದ ಯಾರಿಗೂ ಏನೂ ದಕ್ಕಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ರಾತ್ರಿ ನೆನಪಿಸಿಕೊಳ್ಳಿ: 2024ರ ಏಪ್ರಿಲ್ 15. ನಮ್ಮದೇ ಮೈದಾನದಲ್ಲಿ ಹೈದರಾಬಾದಿನವರು 3 ವಿಕೆಟಿಗೆ 287 ಚಚ್ಚಿದರು. ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ನಾವು ಬಯ್ಯುವ ಆ ಡೈರೆಕ್ಟರ್ ಮೊ ಬೊಬಾಟ್‌ಗೂ ಕೋಚ್ ಆಂಡಿ ಫ್ಲವರ್‌ಗೂ ಅದು ಮೊದಲ ಸೀಸನ್ನು. ಅವತ್ತು ನಮ್ಮ ಕೂಗಿಗೆ ಮಾಲೀಕರು ಮಣಿದಿದ್ದರೆ? ಅದೇ ತಂಡ ಮುಂದೆ ಸಾಲಾಗಿ ಆರು ಗೆದ್ದು ಪ್ಲೇಆಫ್ ಸೇರಿತು.

ಜೆಡ್ಡಾದ ಸಿಟ್ಟು ಮಾತ್ರ ಅಷ್ಟಕ್ಕೇ ಆರಲಿಲ್ಲ. 2025ರ ಏಪ್ರಿಲ್ 2ರಂದು ಸಿರಾಜ್ ಗುಜರಾತ್ ಅಂಗಿಯಲ್ಲಿ ಚಿನ್ನಸ್ವಾಮಿಗೆ ಬಂದು 19 ರನ್ನಿಗೆ ಮೂರು ವಿಕೆಟ್ ಕಿತ್ತ. ಎಂಟು ದಿನ ಬಿಟ್ಟು ರಾಹುಲ್ ಬಂದ. ಅಜೇಯ 93, ಗೆಲುವಿನ ಸಿಕ್ಸರು. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಗೀರಿ, ಅದರ ನಡುವೆ ಬ್ಯಾಟು ಊರಿ, ಇದು ನನ್ನ ನೆಲ ಎಂಬಂತೆ ನಿಂತ. ನಮ್ಮ ಹುಡುಗನ ಆಟಕ್ಕೆ ಖುಷಿ ಪಡಬೇಕೋ, ನಮ್ಮ ತಂಡದ ಸೋಲಿಗೆ ಅಳಬೇಕೋ ತಿಳಿಯದ ರಾತ್ರಿ ಅದು.

ಆಮೇಲಿನದು ಗೊತ್ತೇ ಇದೆ. ಜೂನ್ 3, ಅಹಮದಾಬಾದ್, ಫೈನಲ್. ನಮ್ಮ 190ಕ್ಕೆ ಪಂಜಾಬ್ 184ರಲ್ಲಿ ನಿಂತಿತು. ಮತ್ತೆ ಅದೇ 6 ರನ್ನು, ಈ ಸಲ ನಮ್ಮ ಕಡೆಗೆ! ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ, ನಾಲ್ಕು ಓವರಿನಲ್ಲಿ 17 ಕೊಟ್ಟು 2 ವಿಕೆಟ್. ಜೆಡ್ಡಾದಲ್ಲಿ 5.75 ಕೋಟಿಗೆ ಅವನನ್ನು ಕೊಂಡವನು ನಾವು ಬಯ್ದ ಆ ಡೈರೆಕ್ಟರೇ. ಹೇಜಲ್‌ವುಡ್, ಭುವನೇಶ್ವರ್, ಸಾಲ್ಟ್, ಜಿತೇಶ್ ಎಲ್ಲ ಅದೇ ಹರಾಜಿನ ಸರಕು.

ಹಾಗೆಂದು ತಂಡ ಕಟ್ಟುವವನನ್ನು ಎಂದೂ ಮುಟ್ಟಲೇಬಾರದೆಂದಲ್ಲ. ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಎಂಬ ತಂಡವಿದೆ. 2024ರಲ್ಲಿ ಅದನ್ನು ಫೈನಲ್‌ವರೆಗೆ ಒಯ್ದ ಲುಕಾ ಡಾನ್ಚಿಚ್‌ನನ್ನು ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ 2025ರ ಫೆಬ್ರುವರಿಯಲ್ಲಿ ರಾತ್ರೋರಾತ್ರಿ ಲೇಕರ್ಸ್‌ಗೆ ಕೊಟ್ಟುಬಿಟ್ಟ. ಅಭಿಮಾನಿಗಳು ಪಂದ್ಯದಿಂದ ಪಂದ್ಯಕ್ಕೆ 'ನಿಕೊನನ್ನು ತೆಗೆಯಿರಿ' ಎಂದು ಕೂಗಿದರು. ನವೆಂಬರಿನಲ್ಲಿ ಮಾಲೀಕರು ತೆಗೆದರು. ಅಲ್ಲಿ ಜನರ ಕೂಗು ಸರಿಯಿತ್ತು. 25 ವರ್ಷದ, ತಂಡದ ಜೀವವೇ ಆಗಿದ್ದ ಆಟಗಾರನನ್ನು ಕೊಟ್ಟು, ತಂಡದ ಭವಿಷ್ಯವನ್ನೇ ಎದುರಾಳಿಯ ಕೈಗಿಟ್ಟವನಿಗೆ ಇನ್ನೂ ಅವಕಾಶ ಯಾಕೆ ಕೊಡಬೇಕು?

ಬೊಬಾಟ್ ವಿಷಯದಲ್ಲಿ ಐಪಿಎಲ್ ಕಪ್ಪೇ ತೀರ್ಪು ಕೊಟ್ಟಿದೆ, ಅವನನ್ನು ತೆಗೆಯಬೇಕೆಂದದ್ದು ತಪ್ಪು. ಆದರೆ ಕಪ್ಪು ಬಂತೆಂದು ನಮ್ಮ ಇನ್ನೊಂದು ಪ್ರಶ್ನೆ ಮುಳುಗಬಾರದು: ಹೆಸರಿನಲ್ಲಿ ಬೆಂಗಳೂರು ಇಟ್ಟುಕೊಂಡ ತಂಡದಲ್ಲಿ ಕರ್ನಾಟಕದ ಹುಡುಗರೆಷ್ಟು? ಫೈನಲ್ ಆಡಿದ ಹನ್ನೊಂದರಲ್ಲಿ ಮಯಾಂಕ್ ಅಗರವಾಲ್ ಒಬ್ಬನೇ, ಅವನೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಜಾಗಕ್ಕೆ ಬಂದವನು. ಮುಂದಿನ ಹರಾಜಿನ ದಿನ ಚಹಾದ ಅಂಗಡಿಯಲ್ಲಿ 'ತಗದ ಹಾಕ್ರಿ' ಅನ್ನುವ ಮೊದಲು ಈ ಲೆಕ್ಕ ಕೇಳೋಣ, ಗಟ್ಟಿಯಾಗಿಯೇ ಕೇಳೋಣ.